ಹಗಲು ಕರೆಂಟು

ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿರುವ ಆ ಊರಿಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಬೆಳಗಿನ ಜಾವ ಮೂರೂವರೆಗೆ. ಹನ್ನೊಂದು ವರ್ಷದ ಹಿಂದೆ ತೋಟದ ಬದುವಿನ ಮೇಲೆ ಆವಲಪ್ಪನಿಗೆ ಹಾವು ಕಚ್ಚಿತು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿ ಬದುಕಿ ಬಂದ ಮೇಲೆ ಅವನ ಹೆಂಡತಿ ಶ್ಯಾಮಲಮ್ಮ ಅವನನ್ನು ಒಬ್ಬನೇ ನೀರು ಕಟ್ಟಲು ಬಿಡಲಿಲ್ಲ. ಅವನು ಮುಂದೆ ಗುದ್ದಲಿ ಹಿಡಿದು, ಅವಳು ಹಿಂದೆ ಬ್ಯಾಟರಿ ಹಿಡಿದು, ಮಂಜಿನಲ್ಲಿ ಮುಕ್ಕಾಲು ಮೈಲಿ ನಡೆಯುವುದು ಅವರಿಬ್ಬರಿಗೂ ಅಭ್ಯಾಸವಾಗಿಹೋಯಿತು.

ಆವಲಪ್ಪ ಹಗಲಿನಲ್ಲಿ ಮಾತೇ ಆಡದ ಮನುಷ್ಯ. ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ. ಆ ದಾರಿಯಲ್ಲಿ ಮಾತ್ರ ಅವನಿಗೆ ಮಾತು ಬರುತ್ತಿತ್ತು. ಬೆಟ್ಟ ಮಂಜಿನ ಮೇಲೆ ತೇಲುತ್ತಿರುವಂತೆ ಕಾಣುವ ಆ ಹೊತ್ತಿನಲ್ಲಿ, ಹಿಂದೆ ತಿರುಗಿ ನೋಡದೆಯೇ, ಅವನು ಹಳೇ ಬಾವಿಯಲ್ಲಿ ಈಜು ಕಲಿತದ್ದನ್ನು ಹೇಳುತ್ತಿದ್ದ. ಹೆಣ್ಣು ನೋಡಲು ಮುದ್ದೇನಹಳ್ಳಿಗೆ ಬಂದವನು ಗಾಬರಿಯಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ವಾಪಸಾದದ್ದನ್ನು ಹೇಳುತ್ತಿದ್ದ. ಶ್ಯಾಮಲಮ್ಮ ನಿದ್ದೆಗಣ್ಣಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಎಷ್ಟೋ ಸಲ ಅವನ ಮಾತು ಎಲ್ಲಿ ಮುಗಿಯಿತು, ತನ್ನ ಕನಸು ಎಲ್ಲಿ ಶುರುವಾಯಿತು ಎನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಹಿಪ್ಪುನೇರಳೆ ತೋಟ ಬಂದು, ಮೋಟರು ಗುಂಯ್ ಎಂದಾಗ ಎಚ್ಚರವಾಗುತ್ತಿತ್ತು.

ಆ ನಿದ್ದೆಯ ಆಸೆಗೇ ಅವಳು ಸೋಲಾರ್ ಪ್ಲಾಂಟಿನ ಪರವಾಗಿ ನಿಂತದ್ದು. ಪಂಚಾಯ್ತಿ ಮೆಂಬರಾಗಿ ಎರಡನೇ ವರ್ಷ ಅದು. ಊರ ಗೋಮಾಳದ ಹದಿನಾರು ಎಕರೆಯಲ್ಲಿ ಸೋಲಾರ್ ಹಾಕುತ್ತೇವೆ, ಈ ಲೈನಿನ ನೂರೆಂಟು ಪಂಪ್‌ಸೆಟ್ಟಿಗೂ ಹಗಲು ಹೊತ್ತಿನಲ್ಲೇ ಕರೆಂಟು ಬರುತ್ತದೆ ಎಂದು ಗುತ್ತಿಗೆ ಕಂಪನಿಯ ಮ್ಯಾನೇಜರ್ ಸುನೀಲ್‌ಕುಮಾರ್ ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಹೇಳಿದ. ಮೂವತ್ತರ ಹುಡುಗ, ಗೌರಿಬಿದನೂರಿನ ಕಡೆಯವನು, ಮೆತ್ತನೆ ಮಾತು.

“ಕಲ್ಲಿದ್ದಲು ಸುಡೋದು ಕಮ್ಮಿ ಮಾಡ್ತೀವಿ ಅಂತ ನಮ್ಮ ದೇಶ ಪ್ರಪಂಚಕ್ಕೆಲ್ಲ ಮಾತು ಕೊಟ್ಟೈತೆ. ಆ ಮಾತು ಡೆಲ್ಲೀಲಿದ್ರೆ ಆಗಲ್ಲ, ಇಂಥ ಗೋಮಾಳಗಳಿಗೆ ಇಳೀಬೇಕು,” ಎಂದ.

“ಅಷ್ಟು ದುಡ್ಡು ಯಾರು ಕೊಡ್ತಾರಪ್ಪ?” ಎಂದು ಶ್ಯಾಮಲಮ್ಮ ಕೇಳಿದಳು.

“ಸ್ವಲ್ಪ ಸರ್ಕಾರ ಕೊಡ್ತದೆ. ಮಿಕ್ಕಿದ್ದು ಸಾಲ. ಹೊಗೆ ಕಮ್ಮಿ ಮಾಡೋ ಕೆಲಸಕ್ಕೇ ಅಂತ ಸಾಲ ಕೊಡೋ ಸಂಸ್ಥೆ ಹೊರದೇಶದಾಗೆ ಐತಮ್ಮ. ಅವರದು ಒಂದೇ ಷರತ್ತು. ಇದರಿಂದ ಯಾರ ಅನ್ನಾನೂ ಹೋಗ್ಬಾರದು.”

ಎಲ್ಲೋ ಸಮುದ್ರದಾಚೆ ಕೂತವರು ತನ್ನ ನಿದ್ದೆಗಾಗಿ ಕಾಗದ ಬರೆಯುತ್ತಿದ್ದಾರೆ ಎಂದುಕೊಂಡು ಅವಳಿಗೆ ಸೋಜಿಗವಾಯಿತು. ಮನೆಮನೆಗೆ ಹೋಗಿ ಮಾತಾಡಿ ಒಪ್ಪಿಸಿದಳು. ಯುಗಾದಿ ಕಳೆದು ಒಂದು ವಾರಕ್ಕೆ ಗೋಮಾಳದಲ್ಲಿ ಕಬ್ಬಿಣದ ಕಂಬಗಳು ಸಾಲುಸಾಲಾಗಿ ಎದ್ದವು. ತೋರಿಸಲೆಂದು ಒಂದೇ ಒಂದು ಸಾಲು ಸೋಲಾರ್ ಹಲಗೆಗಳನ್ನು ದಾರಿಯ ಪಕ್ಕಕ್ಕೆ ಕೂರಿಸಿದರು.

ಸುನೀಲ್‌ಕುಮಾರ್ ಮೆಂಬರುಗಳ ಸಹಿಗೆ ಕಾಗದ ತಂದದ್ದು ಆಮೇಲೆ. ಗೋಮಾಳದಲ್ಲಿ ಯಾರೂ ದನ ಕುರಿ ಮೇಯಿಸುತ್ತಿಲ್ಲ ಎಂದು ಅದರಲ್ಲಿ ಬರೆದಿತ್ತು. ಬೇರೆ ಮೆಂಬರುಗಳ ಸಹಿ ಆಗಲೇ ಆಗಿತ್ತು. ಗೋಮಾಳ ಇದ್ದದ್ದು ಶ್ಯಾಮಲಮ್ಮನ ವಾರ್ಡಿನಲ್ಲಿ, ಹಾಗಾಗಿ ಅವಳ ಸಹಿ ಇಲ್ಲದೆ ಕಾಗದ ನಡೆಯುವಂತಿರಲಿಲ್ಲ.

ಅವಳು ಎರಡು ಸಲ ಓದಿದಳು. “ಕುರಿ ಕಾಯೋ ಮುನಿವೆಂಕಟಪ್ಪ ಅವ್ನಲ್ಲಪ್ಪ ಅಲ್ಲಿ.”

“ಅಮ್ಮ, ಒಬ್ಬನ ಮೂವತ್ತು ಕುರಿಗೋಸ್ಕರ ನೂರೆಂಟು ಮನೆಯೋರು ಕತ್ಲಲ್ಲಿ ಹೋಗ್ಬೇಕಾ? ನಿಮ್ಮ ಯಜಮಾನ್ರಿಗೆ ಹಾವು ಕಚ್ಚಿದ್ದು ನೀವೇ ಹೇಳಿದ್ರಿ.”

ಅವಳು ಕಾಗದವನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು. ಪೆನ್ನು ಕೈಯಲ್ಲಿತ್ತು. ಸಹಿ ಹಾಕಿದರೆ ದಸರೆಯ ಹೊತ್ತಿಗೆ ಬೆಳಗಿನವರೆಗೂ ಮಲಗಬಹುದಿತ್ತು. ಆದರೆ ಯಾರ ಅನ್ನವೂ ಹೋಗಬಾರದು ಅಂದವರಿಗೆ, ಮುನಿವೆಂಕಟಪ್ಪನೇ ಇಲ್ಲ ಎಂದು ಬರೆದುಕೊಡುವುದು ಅವಳಿಂದಾಗಲಿಲ್ಲ.

“ಸುಳ್ಳಿಗೆ ಸೈ ಹಾಕಕ್ಕಾಗಲ್ಲಪ್ಪ. ಇದ್ದದ್ದು ಇದ್ದಂಗೆ ಬರ್ಕೊಂಡು ಬಾ, ಹಾಕ್ತೀನಿ,” ಎಂದು ಪೆನ್ನು ಇಟ್ಟಳು.

ಕೆಲಸ ನಿಂತಿತು. ಕಾಗದ ಪೂರ್ತಿಯಾಗದೆ ಸಾಲದ ಮುಂದಿನ ಕಂತು ಬರಲಿಲ್ಲ. ಕೂಲಿಯವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಮಳೆಗಾಲ ಬಂದು ಕಂಬಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆಯಿತು. ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ದಾರಿಯಿಂದ ನೋಡಿದರೆ, ಬಸ್ಸಿಗೆ ಕಾಯುತ್ತಾ ನಿಂತವರು ಬಸ್ಸನ್ನೇ ಮರೆತುಬಿಟ್ಟಂತೆ ಆ ಕಂಬಗಳು ಕಾಣುತ್ತಿದ್ದವು. ಊರವರು ಶ್ಯಾಮಲಮ್ಮನ ಮೇಲೆ ಮುನಿಸಿಕೊಂಡರು. ಪಕ್ಕದ ಹೊಲದ ನರಸಿಂಹಪ್ಪ ಅವಳನ್ನು ಕಂಡರೆ ಟವಲು ಕೊಡವಿ ಬೇರೆ ದಾರಿ ಹಿಡಿಯುತ್ತಿದ್ದ. ಹಾಲಿನ ಡೈರಿಯಲ್ಲಿ ಅವಳು ಬಂದೊಡನೆ ಹೆಂಗಸರ ಮಾತು ನಿಲ್ಲುತ್ತಿತ್ತು.

ಒಂದು ಜಾವ ತೋಟದ ದಾರಿಯಲ್ಲಿ ಅವಳು ಕೇಳಿಯೇಬಿಟ್ಟಳು. “ಎಲ್ರೂ ನನ್ನೇ ಬೈತಾರೆ. ನಿಮಗೂ ಕೋಪಾನಾ?”

ಆವಲಪ್ಪ ದಾರಿಗೆ ಬಿದ್ದಿದ್ದ ಒಣ ಕೊಂಬೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. “ನೀನು ಸೈ ಹಾಕಿದ್ದಿದ್ರೆ ನಾನು ಮಲಗ್ತಿದ್ದೆ ಕಣೇ. ನೀನು ಮಲಗ್ತಿರ್ಲಿಲ್ಲ,” ಎಂದ. ಆಮೇಲೆ ಗುದ್ದಲಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಏನೋ ನೆನಪಾದವನಂತೆ ಟೊಮ್ಯಾಟೊ ಸಸಿಯ ವಿಷಯ ಶುರುಮಾಡಿದ.

ದೀಪಾವಳಿ ಕಳೆದ ಮೇಲೆ ಸಾಲ ಕೊಡುವ ಸಂಸ್ಥೆಯಿಂದ ಹರಿತಾ ಎನ್ನುವ ಹೆಣ್ಣುಮಗಳು ಬಂದಳು. ಕೆಲಸ ಯಾಕೆ ನಿಂತಿದೆ ಎಂದು ತಿಳಿಯುವುದಕ್ಕೆ. ಕಾಗದ ಪತ್ರ ನೋಡಿ ಹೋಗುತ್ತಾಳೆ ಎಂದುಕೊಂಡರೆ, ಅವಳು ಮುನಿವೆಂಕಟಪ್ಪನನ್ನು ತೋರಿಸಿ ಎಂದಳು. ಶ್ಯಾಮಲಮ್ಮ ಕರೆದುಕೊಂಡು ಹೋದಳು. ಮುದುಕ ಬಂಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಅವನದು ಅರ್ಧ ತೆಲುಗು, ಅರ್ಧ ಕನ್ನಡ.

“ನೀವು ಪ್ಲಾಂಟ್ ಬೇಡ ಅಂದ್ರಂತೆ, ಯಾಕೆ ತಾತ?” ಎಂದು ಹರಿತಾ ಕೇಳಿದಳು.

“ನೇನು ಎಪ್ಪುಡಂಟಿನಿ? ನಾನೆಲ್ಲಮ್ಮ ಬೇಡ ಅಂದೆ,” ಎಂದ ಮುನಿವೆಂಕಟಪ್ಪ. “ನನ್ನ ಯಾರೂ ಕೇಳ್ಲೇ ಇಲ್ಲ.”

ಶ್ಯಾಮಲಮ್ಮನ ಮುಖ ಬಿಸಿಯಾಯಿತು. ಊರೆಲ್ಲ ಒಪ್ಪಿಸಲು ಮನೆಮನೆ ತಿರುಗಿದವಳು ಅವನ ಗುಡಿಸಲಿಗೆ ಹೋಗಿರಲಿಲ್ಲ. ಅವನಿಗೆ ಪಂಪ್‌ಸೆಟ್ ಇರಲಿಲ್ಲವಲ್ಲ.

“ತಪ್ಪಾಯ್ತು ಮಾವ,” ಎಂದಳು.

“ಈಗ ಬಂದ್ಯಲ್ಲ, ಕೂತ್ಕೋಮ್ಮ,” ಎಂದು ಅವನು ಬಂಡೆಯ ಮೇಲೆ ಜಾಗ ಬಿಟ್ಟ.

ಆ ದಿನವೆಲ್ಲ ಅವರು ಮೂವರೂ ಕುರಿಗಳ ಹಿಂದೆ ನಡೆದರು. ಕುರಿಗಳಿಗೆ ಕಂಬಗಳ ಭಯವೇ ಇರಲಿಲ್ಲ. ಹುಲ್ಲು ಹರಿಯುತ್ತಾ ಸಾಲಿನಿಂದ ಸಾಲಿಗೆ ಮೋಡದ ತುಂಡುಗಳ ಹಾಗೆ ಸರಿದುಹೋದವು. ಬಿಸಿಲೇರಿದಾಗ ಮಂದೆಯೆಲ್ಲ ತಾನಾಗಿಯೇ ಆ ಒಂದು ಸಾಲು ಹಲಗೆಗಳ ಕೆಳಗೆ ಸೇರಿ, ಒಂದರ ಮೈಗೆ ಒಂದು ಒತ್ತಿಕೊಂಡು ಮಲಗಿತು. ದೊಡ್ಡ ಟಗರಿನ ಕೊಂಬು ಮಾತ್ರ ಹಲಗೆಗೆ ಟಣ್ ಎಂದು ಬಡಿಯಿತು.

“ನೆಳ್ಳು ಕೊಡ್ತದಲ್ಲ ಇದು,” ಎಂದ ಮುನಿವೆಂಕಟಪ್ಪ, ಅಚ್ಚರಿಯಿಂದ. “ಇನ್ನೊಂದು ಮೊಳ ಎತ್ತರ ಇದ್ರೆ ನನ್ನ ಟಗರೂ ಹಿಡೀತಿತ್ತು.”

ಹರಿತಾ ಅದನ್ನು ಬರೆದುಕೊಂಡಳು. ಪ್ಲಾಂಟ್ ನಡೆಯಬೇಕೆಂದರೆ ಹುಲ್ಲನ್ನು ಯಾರಾದರೂ ಕೊಯ್ಯುತ್ತಲೇ ಇರಬೇಕು, ಇಲ್ಲದಿದ್ದರೆ ಹಲಗೆಗೆ ಬಿಸಿಲು ಬೀಳುವುದಿಲ್ಲ ಎಂದು ಅವಳೇ ಹೇಳಿದಳು. ಆ ಕೆಲಸ ಕುರಿಗಳು ಮಾಡಲಿ, ಕಾಯುವುದಕ್ಕೆ ಮುನಿವೆಂಕಟಪ್ಪನಿಗೆ ತಿಂಗಳ ಸಂಬಳ ಇರಲಿ ಎಂದು ತನ್ನ ಸಂಸ್ಥೆಗೆ ಸಲಹೆ ಕಳಿಸಿದಳು. ಎತ್ತರದ ಕಂಬಕ್ಕೆ ಕಬ್ಬಿಣ ಹೆಚ್ಚು ಬೇಕು, ಅದರ ಖರ್ಚು ಯಾರದು ಎನ್ನುವುದರ ಮೇಲೆ ನಾಲ್ಕು ತಿಂಗಳು ಕಾಗದಗಳು ಸಮುದ್ರ ದಾಟಿ ಹೋಗಿ ಬಂದವು. ಕೊನೆಗೆ ಸಾಲ ಕೊಡುವವರೇ ಆ ಖರ್ಚಿಗೆ ಒಪ್ಪಿದರು. ಸುನೀಲ್‌ಕುಮಾರ್ ಹೊಸ ಕಾಗದ ತಂದ. ಅದರಲ್ಲಿ ಮುನಿವೆಂಕಟಪ್ಪನ ಹೆಸರಿತ್ತು, ಮೂವತ್ತು ಕುರಿಯೂ ಇದ್ದವು. ಶ್ಯಾಮಲಮ್ಮ ಸಹಿ ಹಾಕಿದಳು.

“ಮೊದಲೇ ಹಿಂಗೆ ಬರೆದಿದ್ರೆ ಒಂದು ವರ್ಷ ಉಳೀತಿತ್ತಮ್ಮ,” ಎಂದ ಅವನು ತಲೆ ತಗ್ಗಿಸಿ.

“ನಾನೂ ಮೊದಲೇ ಮುನಿವೆಂಕಟಪ್ಪ ಮಾವನ ಮನೇಗೆ ಹೋಗ್ಬೇಕಾಗಿತ್ತು ಬಿಡಪ್ಪ,” ಎಂದಳು.

ಮೊದಲು ನೆಟ್ಟ ಕಂಬಗಳು ಗಿಡ್ಡ, ಆಮೇಲಿನವು ಉದ್ದ. ಗಿಡ್ಡ ಸಾಲುಗಳು ಮರಿಗಳಿಗೆ, ಉದ್ದದವು ಟಗರುಗಳಿಗೆ ಎಂದು ಮುನಿವೆಂಕಟಪ್ಪ ತಾನೇ ಪಾಲು ಮಾಡಿಕೊಂಡ. ಮರುವರ್ಷ ಮಾಘದ ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಯಾವ ಸದ್ದೂ ಇಲ್ಲದೆ, ಲೈನಿಗೆ ಹಗಲು ಕರೆಂಟು ಬಂತು.

ಮೊದಲ ಕೆಲವು ದಿನ ಇಬ್ಬರಿಗೂ ಮೂರೂವರೆಗೇ ಎಚ್ಚರವಾಯಿತು. ಆಮೇಲೆ ನಿದ್ದೆ ಕೆರೆಗೆ ನೀರು ಬಂದ ಹಾಗೆ ಮೆಲ್ಲಗೆ ತುಂಬಿಕೊಂಡಿತು. ಒಂದು ದಿನ ಶ್ಯಾಮಲಮ್ಮನಿಗೆ ಕನಸು ಬಿತ್ತು. ಗೋಮಾಳವೆಲ್ಲ ನೀಲಿ ನೀರಾಗಿತ್ತು, ನೀರಿನ ಮೇಲೆ ಕುರಿಗಳು ಕಾಲು ಒದ್ದೆಯಾಗದಂತೆ ನಡೆಯುತ್ತಿದ್ದವು. ನೀರಿನ ತಳದಲ್ಲಿ, ಬಹಳ ಕೆಳಗೆ, ಕರ್ರಗೆ ಏನೋ ಮೈಚಾಚಿ ಮಲಗಿತ್ತು. ಏನದು ಎಂದು ಅವಳು ಕೇಳಿದಳು. ಕಲ್ಲಿದ್ದಲು, ಎಬ್ಬಿಸಬೇಡ, ಅದೂ ಮಲಗಲಿ ಎಂದು ಯಾರೋ ಪಿಸುಗುಟ್ಟಿದರು. ಎದ್ದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು.

ಕನಸನ್ನು ಹೇಳಬೇಕೆಂದು ಗಂಡನನ್ನು ನೋಡಿದಳು. ಅವನು ಕಾಫಿ ಲೋಟ ಇಟ್ಟು, ಹೂಂ ಎಂದು ಎದ್ದು ಹೊರಟ. ಆಗಲೇ ಅವಳಿಗೆ ಹೊಳೆದದ್ದು, ಹದಿನೈದು ದಿನದಿಂದ ಅವನು ಒಂದು ಮಾತೂ ಆಡಿರಲಿಲ್ಲ. ದಾರಿ ಇಲ್ಲ, ಕತ್ತಲಿಲ್ಲ, ಮಾತೂ ಇಲ್ಲ. ಇಷ್ಟು ಬಯಸಿ ಪಡೆದದ್ದಕ್ಕೆ ಹೀಗೂ ಒಂದು ಬೆಲೆ ಇರಬಹುದೆಂದು ಅವಳು ಎಣಿಸಿರಲಿಲ್ಲ. ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ. ಪಾತ್ರೆ ತೊಳೆಯುತ್ತಾ ಸುಮ್ಮನೆ ಸ್ವಲ್ಪ ಹೊತ್ತು ಅತ್ತಳು.

ಮಾರನೆಯ ದಿನ ಊಟದ ಕ್ಯಾರಿಯರ್ ಹಿಡಿದು ತಾನೇ ತೋಟಕ್ಕೆ ಹೋದಳು. ಹನ್ನೊಂದೂವರೆಯ ಬಿಸಿಲು. ಪೈಪಿನಿಂದ ಬೀಳುವ ನೀರು ಗಾಜಿನಂತೆ ಹೊಳೆಯುತ್ತಿತ್ತು, ಹಿಪ್ಪುನೇರಳೆಯ ಎಲೆಗಳ ಅಡಿಯಲ್ಲಿ ಬೆಳಕು ಅಲುಗಾಡುತ್ತಿತ್ತು. ಆವಲಪ್ಪ ಕಾಲುವೆಯಲ್ಲಿ ನಿಂತಿದ್ದವನು ತಲೆಯೆತ್ತಿದ. ಅವಳು ಬಂದು ಬದುವಿನ ಮೇಲೆ ಕೂತು ತಲೆಯ ಮೇಲಿನ ಸೆರಗು ತೆಗೆದು ಬೆವರು ಒರೆಸಿಕೊಂಡಳು. ಅವನು ನೋಡುತ್ತಲೇ ಇದ್ದ.

“ನಿನ್ನ ಕೂದ್ಲು ಯಾವಾಗ ಹಿಂಗೆ ಬೆಳ್ಳಗಾಯ್ತೇ?”

“ಐದಾರು ವರ್ಷ ಆಯ್ತು.”

“ನಂಗೆ ಹೇಳ್ಲೇ ಇಲ್ಲ.”

“ಅದನ್ನೂ ಹೇಳ್ಬೇಕಾ?” ಎಂದು ಅವಳು ನಕ್ಕಳು.

ಪಕ್ಕದ ಹೊಲದಲ್ಲಿ ನರಸಿಂಹಪ್ಪ ಇದ್ದ, ಅವನಿಗೆ ಎಲ್ಲ ಕಾಣುತ್ತಿತ್ತು. ಆವಲಪ್ಪ ಒಂದು ಕ್ಷಣ ಆ ಕಡೆ ನೋಡಿದ. ಆಮೇಲೆ ಗುದ್ದಲಿಯನ್ನು ಕೆಸರಿನಲ್ಲಿ ಚುಚ್ಚಿ, ಬಂದು ಹೆಂಡತಿಯ ಪಕ್ಕದಲ್ಲಿ ಕೂತ. ತನ್ನ ಅವ್ವನಿಗೂ ಹೀಗೆಯೇ ಮುಂದಲೆಯಿಂದ ಬೆಳ್ಳಗಾದದ್ದು, ಅವಳು ಅದಕ್ಕೆ ಕಾಡಿಗೆ ಹಚ್ಚಿಕೊಂಡು ಸಂತೆಗೆ ಹೋಗಿ ಮಳೆಯಲ್ಲಿ ಸಿಕ್ಕಿಹಾಕಿಕೊಂಡದ್ದು ಎಲ್ಲವನ್ನೂ ಹೇಳತೊಡಗಿದ. ಶ್ಯಾಮಲಮ್ಮ ಮುದ್ದೆ ಮುರಿದು ಬಡಿಸಿದಳು, ತನ್ನ ನೀಲಿ ನೀರಿನ ಕನಸನ್ನೂ ನಡುವೆ ಸೇರಿಸಿದಳು. ನೀರು ಒಂದು ಪಾತಿ ತುಂಬಿ ಇನ್ನೊಂದಕ್ಕೆ, ಅದೂ ತುಂಬಿ ನರಸಿಂಹಪ್ಪನ ಬದುವಿನ ಕಡೆಗೆ ಹರಿಯಿತು. ತಿರುಗಿಸಲು ಇಬ್ಬರೂ ಏಳಲಿಲ್ಲ.