ಹಗಲ ಬೆಳಕಿನ ದೊಡ್ಡಮ್ಮ

ನನ್ನ ದೊಡ್ಡಮ್ಮ ಮನುಷ್ಯರ ಮುಖಕ್ಕಿಂತ ಮೊದಲು ಅವರ ಮೊಣಕೈ ನೋಡುತ್ತಾರೆ. ಆಸ್ಪತ್ರೆಯ ಶವಾಗಾರದಲ್ಲಿ ಗಾಯಗಳನ್ನು ಓದುತ್ತಲೇ ಕೂದಲು ನರೆತವರು ಅವರು. ಯಾವ ಆಯುಧದ್ದು, ಎಷ್ಟು ಹಳೆಯದು, ಸಾವಿಗೆ ಮೊದಲಿನದೋ ನಂತರದ್ದೋ ಎಂದು ನ್ಯಾಯಾಲಯಕ್ಕೆ ತಿಳಿಸುವುದು ಅವರ ಉದ್ಯೋಗ. ಯಾವುದನ್ನೂ ಮುಟ್ಟಿ ಕೆಡಿಸಬಾರದೆಂಬಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಮ್ಮ ಇಕ್ಕಟ್ಟಾದ ಅಡುಗೆಮನೆಯಲ್ಲೂ ಗಂಭೀರವಾಗಿ ನಡೆದಾಡುವ ಅವರನ್ನು ಕಂಡರೆ ನನ್ನ ಗಂಡನಿಗೆ ಒಳಗೊಳಗೇ ಭಯ. ಒಮ್ಮೆ ಸೌತೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು ಅವನು ರಂಪ ಮಾಡಿದಾಗ ದೊಡ್ಡಮ್ಮ ಕನ್ನಡಕ ಮೇಲೇರಿಸಿ, "ಆಳಕ್ಕಿಂತ ಉದ್ದ ಜಾಸ್ತಿ ಇದೆ. ಕೊಯ್ದ ಗಾಯ, ಇರಿದದ್ದಲ್ಲ. ಸೌತೆಕಾಯಿ ಮೇಲೆ ಕೇಸು ನಿಲ್ಲಲ್ಲ, ಅಳಿಯಂದಿರೇ" ಅಂದಿದ್ದರು.

ಅವರ ಆ ತಣ್ಣನೆಯ ಕ್ರಮ ನನಗೆ ಸಿಟ್ಟು ತರಿಸಿದ್ದು, ಮಗುವನ್ನು ನೋಡಿಕೊಳ್ಳಲು ಹೊಸ ಹೆಂಗಸು ಬಂದ ಮೊದಲ ದಿನ. ಜೀವ ತಡೆಯದೆ ಮಧ್ಯಾಹ್ನವೇ ಕಚೇರಿಯಿಂದ ಓಡಿಬಂದವಳು ಸ್ನಾನದ ಮನೆಯಲ್ಲಿ ಮಗಳ ತೊಡೆಯ ಹಿಂಭಾಗ ಕಪ್ಪಗೆ ಕಂದಿದ್ದನ್ನು ಕಂಡೆ. ನನ್ನ ಹಿಂದೆಯೇ ಇಣುಕಿದ ಅಮ್ಮ ಆಗಲೇ ತೀರ್ಪು ಕೊಟ್ಟಾಗಿತ್ತು: "ಅವಳೇ ಹೊಡೆದಿರೋದು ಕಣೇ. ಕಳಿಸಿಬಿಡು, ಪೊಲೀಸರಿಗೂ ಹೇಳು."

ಹೆಂಗಸು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. "ನಾನು ಹೊಡೆದಿಲ್ಲಮ್ಮ. ಈ ಮಾತು ಹೊರಗೆ ಹೋದ್ರೆ ನನ್ನ ಕೈಗೆ ಇನ್ಯಾರೂ ಮಗು ಕೊಡಲ್ಲ."

ಕರೆದೊಡನೆ ದೊಡ್ಡಮ್ಮ ಬಂದರು. "ಬಲ್ಬಿನ ಬೆಳಕಲ್ಲಿ ನಾನು ಬಣ್ಣ ನೋಡಲ್ಲ. ಬಾಲ್ಕನಿಗೆ ಕರ್ಕೊಂಡು ಬಾ." ನಡೆದದ್ದನ್ನು ಹೇಳಹೊರಟ ನನ್ನನ್ನು ತಡೆದರು: "ಕತೆ ಆಮೇಲೆ. ಮೊದಲೇ ಕೇಳಿದ್ರೆ ಕಣ್ಣು ಅದನ್ನೇ ಹುಡುಕುತ್ತೆ."

ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಚರ್ಮ ಹರಿದಿಲ್ಲ, ಒಳಗೆ ರಕ್ತ ಹರಡಿದೆ. ಅಂಚು ಹಳದಿ ತಿರುಗಿದೆ, ಕಾಣ್ತಾ? ಅದಕ್ಕೆ ಹೆಚ್ಚೂಕಮ್ಮಿ ಒಂದು ದಿನವಾದ್ರೂ ಬೇಕು. ಇದು ಇವತ್ತಿನದಲ್ಲ."

"ಹಾಗಾದ್ರೆ ಯಾವತ್ತಿಂದಕ್ಕ? ನಿನ್ನೆದಾ, ಮೊನ್ನೆದಾ?" ಅಮ್ಮ ಬಿಡಲಿಲ್ಲ.

"ಗೊತ್ತಿಲ್ಲ."

"ಅಷ್ಟು ಓದಿದೀಯ, ಗೊತ್ತಿಲ್ವಾ?"

"ಬಣ್ಣ ನೋಡಿ ದಿನ ಹೇಳೋರು ಸರಿಯಾಗಿ ಓದಿಲ್ಲ ಅಂತ ಅರ್ಥ."

ನಾನು ಗೋಗರೆದೆ: "ಬಿದ್ದಳಾ, ಯಾರಾದ್ರೂ ಹೊಡೆದ್ರಾ, ಅಷ್ಟಾದ್ರೂ ಹೇಳಿ ದೊಡ್ಡಮ್ಮ."

"ಬೆರಳಿನ ಗುರುತಿಲ್ಲ, ಕೋಲಿನ ಗೆರೆ ಇಲ್ಲ, ಮೈಮೇಲೆ ಬೇರೆಲ್ಲೂ ಏನಿಲ್ಲ. ಇನ್ನು ಮುಂದೆ ಹೇಳಿದ್ರೆ ಅದು ನನ್ನ ಮಾತು, ಗಾಯದ್ದಲ್ಲ."

ಹೆಂಗಸು ಚೀಲ ಕೆಳಗಿಟ್ಟಳು. "ಗಾಳಿ ಬೀಸ್ತಿದೆ, ಮಗುಗೆ ಅಂಗಿ ಹಾಕ್ತೀನಿ ಕೊಡಿ" ಎಂದು ಕೈಚಾಚಿದಳು. ಕೊಟ್ಟೆ. ಅವಳು ಇಂದಿಗೂ ನಮ್ಮ ಮನೆಯಲ್ಲಿದ್ದಾಳೆ. ಹಾಗಾದರೆ ಅದು ಆದದ್ದು ಯಾವಾಗ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಕೊರೆಯುತ್ತದೆ.

ದೊಡ್ಡಮ್ಮನಂಥವರು ಸಾಂತ್ವನ ಹೇಳಲು ಹುಟ್ಟಿದವರಲ್ಲ. ಉಳಿದ ನಾವೆಲ್ಲ ಗಾಯ ಕಂಡೊಡನೆ ಅದರ ಹಿಂದಿನ ಕೈಯನ್ನು ಹುಡುಕುತ್ತೇವೆ, ಸಿಗದಿದ್ದರೆ ಹತ್ತಿರ ನಿಂತವರ ಕೈಯನ್ನೇ ಹಿಡಿಯುತ್ತೇವೆ. ಅವರು ಮಾತ್ರ ತಮ್ಮ ತಿಳಿವು ಮುಗಿಯುವಲ್ಲಿ ನಿಸ್ಸಂಕೋಚವಾಗಿ ನಿಂತುಬಿಡುತ್ತಾರೆ. ಆ ನಿಲುವು ನಮಗೆ ನಿಷ್ಕರುಣೆಯಾಗಿ ಕಾಣುತ್ತದೆ, ಆಪಾದನೆ ನಮ್ಮ ಮೇಲೆಯೇ ಬರುವವರೆಗೆ.