ಕಿವಿಯಕ್ಕನ ಸಹಿ

"ಬಲಗಿವಿ ಚೆನ್ನಾಗಿದೆ. ಎಡಗಿವಿಗೆ ಸದ್ದು ಬಿಟ್ಟಾಗ ನೀವು ಗುಂಡಿ ಒತ್ತಲೇ ಇಲ್ಲ," ಎಂದ ಕಿವಿ ಪರೀಕ್ಷೆಯವನು.

"ಸದ್ದು ಬಂದಿದ್ರೆ ತಾನೆ ಒತ್ತೋದು?" ಎಂದಳು ಕಿವಿಯಕ್ಕ. "ನಿಮ್ಮ ಹೆಡ್‌ಫೋನಿನ ಎಡಗಡೆ ಕೆಟ್ಟಿದೆ. ಒಳಗೆ ತಂತಿ ಬಿಟ್ಕೊಂಡಿರುತ್ತೆ. ಕೊಡಿ ಇಲ್ಲಿ, ನಾನೇ ನೋಡ್ತೀನಿ."

ಪರೀಕ್ಷೆಯವನು ವಾದಕ್ಕೆ ಇಳಿಯಲಿಲ್ಲ. ಹೆಡ್‌ಫೋನನ್ನು ತಿರುಗಿಸಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ಕೆಟ್ಟಿದೆ ಎಂದು ಅವಳು ದೂರಿದ್ದ ಕಡೆಯಿಂದಲೇ ಪೀ ಎನ್ನುವ ಸಣ್ಣ ದನಿ ಬಲಗಿವಿಗೆ ಸ್ಪಷ್ಟವಾಗಿ ಬಂತು. ಈಗಲೂ ಎಡಗಿವಿಯಲ್ಲಿ ಏನೂ ಇಲ್ಲ. ಇನ್ನೆರಡು ಸಲ ತಿರುಗಿಸಿ ಹಾಕಿಸಿಕೊಂಡಳು. ಹೆಡ್‌ಫೋನು ನೆಟ್ಟಗೇ ಇತ್ತು.

"ಈ ಕಿವಿ ಮಂದವಾಗಿರೋದು ಹಳೇದು. ಇಪ್ಪತ್ತೈದು ವರ್ಷದ್ದಾದ್ರೂ ಇರುತ್ತೆ," ಎಂದ ಅವನು, ಹಾಳೆಯ ಮೇಲೆ ಬರೆಯುತ್ತ. "ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ?"

"ಬಟ್ಟೆ ಮಿಲ್ಲಲ್ಲಿ. ಆರು ವರ್ಷ."

"ಮಗ್ಗ ಯಾವ ಕಡೆಗೆ ಇರ್ತಿತ್ತು?"

ಅವಳು ಎದ್ದು, ಮಿಲ್ಲಿನಲ್ಲಿ ನಿಲ್ಲುತ್ತಿದ್ದಂತೆ ಒಮ್ಮೆ ನಿಂತು ನೋಡಿಕೊಂಡಳು. ಎಡಕ್ಕೆ. ಪರೀಕ್ಷೆಯವನು ತಲೆಯಾಡಿಸಿ ಹಾಳೆಯ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟ. ಇನ್ನೊಂದು ಸೋಮವಾರ ಆಫೀಸಿಗೆ ಹೋಗುತ್ತದೆ ಎಂದ.

ಹೊಸದಾಗಿ ಸಿಕ್ಕ ದೊಡ್ಡ ಗಿರಾಕಿಯೊಬ್ಬರು ಹಾಕಿದ ಷರತ್ತು ಇದು: ಫೋನಿನ ಸದ್ದು ನೋಡುವವರ ಕಿವಿ ಸರಿಯಿರಬೇಕು, ಇಲ್ಲದವರು ಪ್ಯಾಕಿಂಗಿಗೆ ಹೋಗಬೇಕು. ಆ ನೋಟೀಸನ್ನು ಓದಿ ನಿನ್ನೆ ಕಿವಿಯಕ್ಕನೇ ಎಲ್ಲರಿಗಿಂತ ಹೆಚ್ಚು ನಕ್ಕಿದ್ದಳು. ನಗದೆ ಏನು ಮಾಡಿಯಾಳು? ಈ ಕಂಪನಿಗೆ ಕಿವಿ ಎಂದರೆ ಅವಳೇ. ನಿಜವಾದ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಹದಿನೆಂಟು ವರ್ಷದ ಹಿಂದೆ ಕಂಪನಿ ಅಂದರೆ ಒಂದು ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ತಗಡಿನ ಶೆಡ್ಡು, ಅವಳೂ ಸೇರಿ ಆರು ಜನ, ಎರಡು ಮೇಜು. ರಿಪೇರಿಯವನು, ಅಂದರೆ ಈಗಿನ ಯಜಮಾನ, ಬಿಡಿಭಾಗ ತರಿಸಿ ಮೊದಲ ಫೋನು ಜೋಡಿಸಿದಾಗ ಮಾತಿನ ಸದ್ದು ಎಷ್ಟಿರಬೇಕು ಎಂಬುದೊಂದು ಬಾಕಿ ಉಳಿದಿತ್ತು. ಒಂದರಿಂದ ಹದಿನೈದರವರೆಗೆ ಅಂಕಿ. ಯಾವುದರಲ್ಲಿ ಕೂರಿಸಿದರೆ ಅದೇ ಆ ಫೋನಿನ ಗಂಟಲು. ಕೊಂಡವರು ಗುಂಡಿ ಒತ್ತಿ ಅದರ ಆಚೀಚೆ ಒಂದಿಷ್ಟು ಏರಿಳಿಸಬಹುದು, ಅಷ್ಟೇ. ಯಜಮಾನ ಗೋಡೆಯಾಚೆ ನಿಂತು ಹಲೋ ಹಲೋ ಎನ್ನುತ್ತಿದ್ದ. ಅವಳು ಒಂದೊಂದೇ ಅಂಕಿ ಏರಿಸಿ ಕೇಳುತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಹನ್ನೊಂದಕ್ಕೆ ಬಂದಾಗ ಅವನ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಹಿತವಾಗಿ ಕೇಳಿತು. "ಹನ್ನೊಂದಕ್ಕೆ ಬಿಡಿ ಅಣ್ಣ, ಸಾಕು," ಎಂದಳು.

ಅಲ್ಲಿಂದ ಆ ಫೋನು ಹೋದದ್ದು ಹೋದದ್ದೇ. ಲಾರಿಯವರು ಕೊಂಡರು, ಸಂತೆಯವರು ಕೊಂಡರು, ಗಿರಣಿಯವರು, ಗ್ಯಾರೇಜಿನವರು ಕೊಂಡರು. ಇಂಜಿನ್ನಿನ ಪಕ್ಕ ನಿಂತರೂ ಮಾತು ಕೇಳುತ್ತದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಅದೇ ಹನ್ನೊಂದರ ಮೇಲೆ ಶೆಡ್ಡು ಕಟ್ಟಡವಾಯಿತು, ಕಟ್ಟಡಕ್ಕೆ ಮೂರು ಮಹಡಿ ಎದ್ದವು, ಫೋನಿನ ಹಿಂದೆಯೇ ಚಾರ್ಜರು, ಟಾರ್ಚು, ಸ್ಪೀಕರು, ಈಗ ಟೀವಿಯೂ ಬಂತು. ಎರಡು ಸಾವಿರ ಜನ ದುಡಿಯುತ್ತಾರೆ. ಆದರೂ ಹೊಸ ಮಾಡೆಲ್ ಬಂದಾಗಲೆಲ್ಲ ಮೊದಲ ಫೋನನ್ನು ಕಿವಿಯಕ್ಕ ಕೇಳಿ, ಒಂದು ಹಳದಿ ಚೀಟಿಯ ಮೇಲೆ ಸಹಿ ಮಾಡಿ ಅದರ ಬೆನ್ನಿಗೆ ಅಂಟಿಸಬೇಕು. ಅದು ಮಾದರಿ. ಮಿಕ್ಕ ಲಕ್ಷ ಫೋನುಗಳು ಅದರ ಹಾಗೆಯೇ ಮಾತಾಡಬೇಕು.

ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಅವಳು ಸಂಜೆಯ ಬಸ್ಸು ಹತ್ತಿದಳು. ಎದುರು ಸೀಟಿನವನು ಕಂಪನಿಯದೇ ಫೋನಿನಲ್ಲಿ ಮಾತಾಡುತ್ತಿದ್ದ, ಕಿವಿಯಿಂದ ನಾಲ್ಕು ಬೆರಳು ದೂರ ಹಿಡಿದುಕೊಂಡು. ಬಾಗಿಲ ಬಳಿ ನಿಂತ ಹೆಂಗಸೂ ಹಾಗೆಯೇ ಹಿಡಿದಿದ್ದಳು. ಫೋನು ಹಿಡಿಯುವ ರೀತಿಯೇ ಅದು ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದಳು ಕಿವಿಯಕ್ಕ. ಇವತ್ತು ಇಳಿಯುವವರೆಗೂ ಆ ನಾಲ್ಕು ಬೆರಳಿನ ಅಂತರವನ್ನೇ ನೋಡುತ್ತ ಕೂತಳು.

ಗಂಡ ದರ್ಜಿ. ಅಂಗಡಿಯಿಂದ ಬಂದವನು ಎಂದಿನಂತೆ ಅವಳ ಬಲಕ್ಕೆ ಕುರ್ಚಿ ಎಳೆದುಕೊಂಡು ಕೂತ. ಅವಳು ಹಾಳೆಯನ್ನು ಅವನ ಮುಂದೆ ಹಾಸಿದಳು.

"ಇದರಲ್ಲೇನಿದೆ ಹೊಸದು?" ಎಂದ ಗಂಡ.

"ಅಂದ್ರೆ ನಿಮಗೆ ಗೊತ್ತಿತ್ತಾ?"

"ಮದುವೆಯಾದ ವಾರಕ್ಕೇ ಗೊತ್ತಾಯ್ತು. ಎಡಗಡೆಯಿಂದ ಕರೆದ್ರೆ ನೀನು ಬರ್ತಾನೇ ಇರಲಿಲ್ಲ. ಮೊದಲು ಸೊಕ್ಕು ಅಂದ್ಕೊಂಡೆ. ಆಮೇಲೆ ಬಲಗಡೆ ಕೂರೋದು ಕಲಿತೆ."

"ನನಗ್ಯಾಕೆ ಹೇಳಲಿಲ್ಲ?"

"ನಿನ್ನ ಕಿವಿ ನಿನಗೆ ಗೊತ್ತಿರಲ್ವೇನೆ? ನಾನು ಹೇಳೋದೇನಿದೆ ಅದರಲ್ಲಿ?" ಅವನಿಗೂ ಈಗ ಗಲಿಬಿಲಿಯಾಗಿತ್ತು. "ಕಿವಿ ಕೆಲಸ ಮಾಡೋಳಿಗೆ ಹೋಗಿ ನಿನ್ನ ಕಿವಿ ಸರಿಯಿಲ್ಲ ಅನ್ನೋಕೆ ನನಗೇನು ತಲೆ ಕೆಟ್ಟಿತ್ತಾ?"

ಅವಳಿಗೆ ಅಳು ಬರಬೇಕೋ ಸಿಟ್ಟು ಬರಬೇಕೋ ಗೊತ್ತಾಗಲಿಲ್ಲ. ಒಂದೇ ಯೋಚನೆ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು: ಫೋನನ್ನು ಅವಳು ಯಾವ ಕಿವಿಗೆ ಹಿಡಿಯುತ್ತಿದ್ದಳು? ಬಲಗೈಯಲ್ಲಿ ಪೆನ್ನು ಇರುತ್ತಿತ್ತು. ಹಾಗಾದರೆ ಎಡಗೈಯಲ್ಲಿ ಫೋನು. ಎಡಗೈ ಎಡಗಿವಿಗೇ ಹೋಗುವುದು. ಪೆನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದರೆ ಈ ಎರಡು ಸಾವಿರ ಜನ ಇವತ್ತು ಎಲ್ಲಿರುತ್ತಿದ್ದರು? ಯೋಚಿಸಿದಷ್ಟೂ ಗೋಜಲಾಯಿತು.

ಮರುದಿನ ಬೆಳಿಗ್ಗೆ ಮೂರನೇ ಮಹಡಿಗೆ ಹತ್ತಿ ಯಜಮಾನನ ಮೇಜಿನ ಮೇಲೆ ಹಾಳೆಯಿಟ್ಟಳು. ಎಲ್ಲರೂ ಅವನನ್ನು ಸರ್ ಎನ್ನುತ್ತಾರೆ, ಅವಳು ಮಾತ್ರ ಇನ್ನೂ ಅಣ್ಣ ಎನ್ನುತ್ತಾಳೆ. ಅವನು ಕನ್ನಡಕ ಏರಿಸಿ ಓದಿದ, ಇಳಿಸಿ ಇನ್ನೊಮ್ಮೆ ಓದಿದ.

"ಆ ಹನ್ನೊಂದು ತಪ್ಪು ಅಣ್ಣ," ಎಂದಳು. "ಕೇಳದಿರೋ ಕಿವಿಲಿ ಕೇಳಿ ಹೇಳಿದ್ದು."

ಯಜಮಾನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಂತರ ಮೆಲ್ಲಗೆ, ತಪ್ಪು ಮಾಡಿದವನ ಹಾಗೆ, "ಮೊದಲ ದಿನ ನನಗೂ ಜೋರು ಅನ್ನಿಸಿತ್ತು," ಎಂದ.

"ಏನಂದ್ರಿ?"

"ತುಂಬಾನೇ ಜೋರು. ಫೋನನ್ನ ಕಿವಿಯಿಂದ ದೂರ ಹಿಡ್ಕೊಂಡೆ. ಮಿಕ್ಕವರಿಗೂ ಹಾಗೇ ಅನ್ನಿಸಿತಂತೆ, ಆಮೇಲೆ ಒಬ್ಬೊಬ್ಬರೇ ಹೇಳಿದ್ರು. ಆದ್ರೆ ನೀನು ಎಷ್ಟು ಖಂಡಿತವಾಗಿ ಹೇಳಿದ್ದೆ ಅಂದ್ರೆ, ನಮ್ಮ ಕಿವಿಲೇ ಏನೋ ದೋಷ ಇರಬೇಕು ಅಂದ್ಕೊಂಡ್ವಿ."

"ಅಣ್ಣ, ಆಗಲೇ ಹೇಳಬಾರದಿತ್ತಾ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಮಾಲೇ ಖಾಲಿಯಾಯ್ತು."

ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಹನ್ನೊಂದು ತಪ್ಪಾದರೆ ಅಷ್ಟು ಜನ ಯಾಕೆ ಕೊಂಡರು, ಸರಿಯಾದರೆ ಈ ಹಾಳೆ ಯಾಕೆ ಹೀಗೆ ಹೇಳುತ್ತಿದೆ, ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಯಜಮಾನ ಹಾಳೆಯನ್ನು ಮೊದಲಿನಂತೆಯೇ ನಾಲ್ಕಾಗಿ ಮಡಚಿ ಅವಳತ್ತ ಸರಿಸಿದ.

"ನಾನಿದನ್ನ ನೋಡಿಲ್ಲ. ಸೋಮವಾರ ಬರೋದನ್ನೂ ನೋಡಲ್ಲ. ನಿನ್ನನ್ನ ಪ್ಯಾಕಿಂಗಿಗೆ ಕಳಿಸಿ ನಾನಿಲ್ಲಿ ಕೂತ್ಕೊಳ್ಳೋಕಾಗಲ್ಲ. ಕೆಳಗೆ ಹೊಸ ಮಾಡೆಲ್ ಕಾಯ್ತಿದೆ. ಆ ಹೊಸ ಇಂಜಿನಿಯರು ಸದ್ದನ್ನ ಆರಕ್ಕೆ ಇಳಿಸಿದ್ದಾಳೆ. ಹೋಗಿ ಹನ್ನೊಂದಕ್ಕೇ ಸಹಿ ಹಾಕು ತಾಯಿ."

ಅವಳು ಎದ್ದಳು. ಹಾಳೆಯನ್ನು ಎತ್ತಿಕೊಳ್ಳಲಿಲ್ಲ. ಮರೆತು ಬಿಟ್ಟಳೋ ಬೇಕೆಂದೇ ಬಿಟ್ಟಳೋ, ಮೆಟ್ಟಿಲು ಇಳಿಯುವಾಗ ಅವಳಿಗೇ ಖಾತ್ರಿಯಿರಲಿಲ್ಲ.

ಕೇಳುವ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದಿದ್ದಾರೆ. ಮೇಜಿನ ಮೇಲೆ ಎರಡು ಫೋನು, ಒಂದು ಹಳದಿ ಚೀಟಿ. ಸದ್ದಿನ ವಿಭಾಗಕ್ಕೆ ಹೊಸದಾಗಿ ಬಂದ ಇಂಜಿನಿಯರು, ಇನ್ನೂ ಮೂವತ್ತು ದಾಟದ ಹೆಣ್ಣು, ಕೈಕಟ್ಟಿ ನಿಂತಿದ್ದಳು.

"ಎಡಗಡೆದು ಹನ್ನೊಂದು, ಬಲಗಡೆದು ಆರು. ನೀವು ಯಾವುದು ಅಂತೀರೋ ಅದೇ ಅಕ್ಕ," ಎಂದಳು. ಆ ಮಾತಿನಲ್ಲಿ ಸೋಲು ಆಗಲೇ ಇತ್ತು. ಎರಡು ಸಲ ಇದೇ ಕೋಣೆಯಲ್ಲಿ ಕಿವಿಯಕ್ಕ ಅವಳ ಲೆಕ್ಕಾಚಾರಗಳನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದಳು.

ಕಿವಿಯಕ್ಕ ಹನ್ನೊಂದರ ಫೋನಿನಿಂದ ಗಂಡನ ಅಂಗಡಿಗೆ ಕರೆ ಮಾಡಿ ಎಡಗಿವಿಗೆ ಹಿಡಿದಳು. "ಹೇಳು," ಎಂದ ಗಂಡ. ಹಿತವಾಗಿತ್ತು, ಎಂದಿನ ಅವನದೇ ದನಿ. ಹಾಗೆಯೇ ಫೋನನ್ನು ಬಲಗಿವಿಗೆ ಬದಲಿಸಿದಳು. ಯಾರೋ ಮುಖಕ್ಕೆ ಮುಖ ಕೊಟ್ಟು ಕೂಗಿದಂತಾಯಿತು. ಅವಳು ಹೇಳದೆಯೇ ಕೈ ದೂರ ಸರಿಯಿತು. ಎಷ್ಟು ದೂರ ಎಂದು ಕಣ್ಣು ಹೊರಳಿಸಿ ನೋಡಿಕೊಂಡಳು. ನಾಲ್ಕು ಬೆರಳು.

ಅದನ್ನಿಟ್ಟು ಆರರ ಫೋನಿನಿಂದ ಮತ್ತೆ ಅಂಗಡಿಗೇ ಕರೆ ಮಾಡಿದಳು. ಎಡಗಿವಿಯಲ್ಲಿ ಗಂಡ ಏನೋ ಗೊಣಗಿದಷ್ಟೇ ಕೇಳಿತು. ಬಲಗಿವಿಗೆ ಹಿಡಿದಳು. ಹೊಲಿಗೆ ಯಂತ್ರ ನಿಲ್ಲುವ ಸದ್ದು ಕೇಳಿತು. ಬಾಯಲ್ಲಿ ಕಚ್ಚಿದ ಗುಂಡುಸೂಜಿಗಳನ್ನು ತೆಗೆದು ಅವನು ತಟ್ಟೆಗೆ ಹಾಕಿದ್ದು ಕೇಳಿತು. ಅವನ ಉಸಿರಿನ ಕೊನೆಯಲ್ಲಿ ಒಂದು ಸಣ್ಣ ಸಿಳ್ಳೆ ಇತ್ತು. ಇಷ್ಟು ವರ್ಷ ಫೋನಿನಲ್ಲಿ ಅದನ್ನು ಅವಳು ಕೇಳಿಯೇ ಇರಲಿಲ್ಲ.

"ಏನೇ, ಮಾಡೋದು, ಇಡೋದು. ಕೇಳಿಸ್ತಿಲ್ವಾ?" ಎಂದು ಗಂಡ ಅಭ್ಯಾಸಬಲದಿಂದ ದನಿ ಏರಿಸಿದ.

"ಕೇಳಿಸ್ತಿದೆ ರೀ. ಸ್ವಲ್ಪ ಮೆಲ್ಲಗೆ ಮಾತಾಡಿ."

"ಮೆಲ್ಲಗೆ ಅಂದ್ರೆ ಎಷ್ಟು?" ಎಂದ ಗಂಡ, ದಿಕ್ಕು ತೋಚದೆ. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು. ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟ.

ಕಿವಿಯಕ್ಕ ಆರರ ಫೋನನ್ನು ಬಲಗೈಯಲ್ಲೇ, ಬಲಗಿವಿಗೇ ಹಿಡಿದುಕೊಂಡಿದ್ದಳು. ಇನ್ನೂ ಏನೋ ಕೇಳಲಿಕ್ಕಿದೆ ಎಂಬಂತೆ. ಲಾರಿಯವರಿಗೆ ಇದು ಕೇಳುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮಿಲ್ಲಿನಲ್ಲಿ ಮಗ್ಗದ ಪಕ್ಕ ನಿಂತವರಿಗೆ ಖಂಡಿತ ಕೇಳುವುದಿಲ್ಲ. ಯಾರ ಕಿವಿ ಸರಿಯೋ, ಯಾರನ್ನು ಕೇಳುವುದೋ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಯಾವುದೂ ಖಂಡಿತವಾಗಿರಲಿಲ್ಲ. ಕೇಳಿದ್ದಂತೂ ಕೇಳಿತ್ತು. ಎಡಗೈಯಲ್ಲಿ ಪೆನ್ನು ಹಿಡಿದು ಹಳದಿ ಚೀಟಿಯ ಮೇಲೆ ಸಹಿ ಹಾಕಿದಳು, ಆರರ ಬೆನ್ನಿಗೆ ಅಂಟಿಸಿದಳು.

ಇಂಜಿನಿಯರಿಗೆ ಸಂತೋಷಪಡಲೂ ತೋಚಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಕ್ಷರ ಈಗಷ್ಟೇ ಬರೆಯಲು ಕಲಿತವರದಂತೆ ವಾಲಾಡುತ್ತಿತ್ತು. "ಅಕ್ಕ, ಇದು ನಿಮ್ಮ ಸಹಿ ಥರ ಇಲ್ವಲ್ಲ. ಮೇಲೆ ಕೇಳಿದ್ರೆ ಏನನ್ನಲಿ?"

"ನಂದೇ. ಅಣ್ಣನಿಗೆ ತೋರಿಸಿ, ಅವರಿಗೆ ಗೊತ್ತಾಗುತ್ತೆ," ಎಂದಳು ಕಿವಿಯಕ್ಕ. ಪೆನ್ನಿಗೆ ಮುಚ್ಚಳ ಹಾಕಿ ಅದನ್ನೂ ಇಂಜಿನಿಯರ ಮುಂದೆ ಇಟ್ಟಳು.

ಅಷ್ಟರಲ್ಲಿ ಅವಳ ಪರ್ಸಿನಲ್ಲಿದ್ದ ಸ್ವಂತ ಫೋನು, ಕಂಪನಿಯ ಹಳೆಯ ಮಾಡೆಲ್, ಬೊಬ್ಬೆ ಹೊಡೆಯಿತು. ತೆಗೆದು ಬಲಗಿವಿಯಿಂದ ನಾಲ್ಕು ಬೆರಳು ದೂರ ಹಿಡಿದಳು.

"ಇಷ್ಟು ಮೆಲ್ಲಗೆ ಸಾಕಾ?" ಎಂದು ಗಂಡ ಪಿಸುಗುಟ್ಟಿದ್ದು ಇಂಜಿನಿಯರಿಗೂ ಕೇಳಿಸಿತು.