ಖಾಲಿ ಕೊಡಬಾರದೆಂದು ಬಿಟ್ಟ ಮೀನು

ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಯಶೋಧಾ ನಡುಮನೆಯ ದೀಪ ಹಾಕಿದಾಗ ಹೆಣ್ಣು ಡಿಸ್ಕಸ್ ಮೀನು ತೊಟ್ಟಿಯ ತಳದಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಸತ್ತಿರಲಿಲ್ಲ. ಕಿವಿರು ಬೇಗಬೇಗನೆ ಆಡುತ್ತಿತ್ತು.

ಮೀನು ಅವಳದಲ್ಲ. ಮಹಡಿಯ ಮೇಲಿರುವ ಮನೆ ಮಾಲೀಕ ಗುಲಾಮ್ ರಸೂಲ್ ಅವರದು. ಅವರೂ ಅವರ ಹೆಂಡತಿ ಮುಸರ್ರತ್ ಅವರೂ ಮೆಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೋಗಿದ್ದರು. ಅವರ ವಿಮಾನ ಅದೇ ದಿನ ಮಧ್ಯಾಹ್ನ ಇಳಿಯುವುದಿತ್ತು. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ಯಶೋಧಾಳ ಗಂಡ ಬಾಲರಾಜ್ ಅವರನ್ನು ಕರೆತರಲು ಹೋಗಬೇಕಿತ್ತು.

ಹೆಬ್ಬಾಳದಾಚೆಯ ಸಿಂಗಾಪುರ ಬಡಾವಣೆಯ ಆ ಮನೆಯ ತಾರಸಿಯ ಮೇಲೆ ಒಂದು ಕಾಲಕ್ಕೆ ಸಾಲು ತೊಟ್ಟಿಗಳಿದ್ದವು. ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದ ರಸೂಲ್ ಡಿಸ್ಕಸ್ ಮರಿ ಮಾಡಿಸುವುದರಲ್ಲಿ ಹೆಸರು ಮಾಡಿದ್ದರು. ಊಟದ ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿರುವ ಈ ಮೀನಿಗೆ ಬೆಚ್ಚಗಿನ, ಕೊಳೆಯಿಲ್ಲದ ನೀರು ಬೇಕು. ದಿನವೂ ನೀರು ಬದಲಾಯಿಸಬೇಕು. ಮಂಡಿ ನೋವು ಬಂದಮೇಲೆ ಬಕೆಟ್ ಹೊತ್ತು ಮೆಟ್ಟಿಲು ಹತ್ತುವುದು ಅವರಿಂದ ಆಗಲಿಲ್ಲ. ಎಲ್ಲವನ್ನೂ ಕೊಟ್ಟು ಕೊನೆಗೆ ಉಳಿಸಿಕೊಂಡದ್ದು ನೀಲಿ ಪಟ್ಟೆಯ ಒಂದು ಜೋಡಿ. ಅವರ ಮನೆಯಲ್ಲೇ ಮೀನಿನ ಹಲವು ತಲೆಮಾರು ದಾಟಿ ಬಂದ ತಳಿ. ಇನ್ನೆಲ್ಲೂ ಉಳಿದಿರಲಿಲ್ಲ. ಕೇಳಿ ಬಂದವರಿಗೆಲ್ಲ, ಮರಿಯಾದರೆ ಕೊಡುತ್ತೇನೆ, ಜೋಡಿ ಕೊಡುವುದಿಲ್ಲ ಎನ್ನುತ್ತಿದ್ದರು. ಮರಿ ಆಗುತ್ತಿರಲಿಲ್ಲ. ಜೋಡಿ ಮೊಟ್ಟೆಯಿಡುತ್ತಿತ್ತು, ಮರುದಿನ ತಾನೇ ತಿಂದುಬಿಡುತ್ತಿತ್ತು.

ಉಮ್ರಾಕ್ಕೆ ಹೊರಡುವ ಮೊದಲು ತೊಟ್ಟಿಯನ್ನು ಯಶೋಧಾಳ ಮನೆಗೆ ಇಳಿಸಿದರು. ಹೆಬ್ಬಾಳದ ಕಡೆ ಗಾರ್ಮೆಂಟ್ಸ್‌ನಲ್ಲಿ ಅವಳು ಕ್ವಾಲಿಟಿ ಚೆಕರ್. ಅಂಗಿಯ ತೋಳಿನಲ್ಲಿ ಒಂದು ಹೊಲಿಗೆ ತಪ್ಪಿದ್ದರೂ ಕಣ್ಣಿಗೆ ಬೀಳುತ್ತದೆ, ಅವಳಿಗೇ ಕೊಡೋಣ ಎಂದು ಮುಸರ್ರತ್ ಹೇಳಿದ್ದರಂತೆ. ಯಶೋಧಾ ಹೇಳಿದ್ದನ್ನೆಲ್ಲ ಮಾಡಿದಳು. ಕಾವೇರಿ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು ಹಾಕಿದಳು. ಟ್ಯಾಂಕರ್ ನೀರು ಮುಟ್ಟಿಸಲಿಲ್ಲ. ಕುರಿಯ ಹೃದಯ ಅರೆದು ಮಾಡಿದ ಮೇವನ್ನು ತನ್ನ ಫ್ರಿಜ್ಜಿನಲ್ಲಿಟ್ಟು ಸಣ್ಣಗೆ ತುರಿದು ಹಾಕಿದಳು. ಎರಡನೆಯ ವಾರ ಜೋಡಿ ಮೊಟ್ಟೆಯಿಟ್ಟಿತು. ಈ ಸಲ ತಿನ್ನಲಿಲ್ಲ. ಮೊಟ್ಟೆಯೊಡೆದು ಮರಿಗಳು ಈಜತೊಡಗಿದವು.

ಅವಳು ಮೆಕ್ಕಾಕ್ಕೆ ವೀಡಿಯೊ ಕಳಿಸಿದಳು. ರಸೂಲ್ ಕೂಡಲೇ ಫೋನ್ ಮಾಡಿದರು.

"ಇಲ್ಲಿ ದುವಾ ಮಾಡಿದ್ದೆ ಯಶೋಧಮ್ಮ. ಮೀನಿಗೂ ಸೇರಿಸಿ. ನಗ್ಬೇಡಿ."

"ನಾನ್ಯಾಕೆ ನಗ್ಲಿ ಸಾಬ್ರೇ. ನಮ್ಮತ್ತೆ ಎಮ್ಮೆಗೆ ಹರಕೆ ಹೊರ್ತಿದ್ರು."

ಅವರು ಇನ್ನೊಂದು ಮಾತು ಹೇಳಿದರು. ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ಬೇರೇನೂ ತಿನ್ನುವುದಿಲ್ಲ. ತಾಯಿ ತಂದೆಯ ಮೈಮೇಲೆ ಬರುವ ಲೋಳೆಯೇ ಅವಕ್ಕೆ ಹಾಲು. ಆಗ ದೊಡ್ಡವುಗಳ ಮೈ ಕಪ್ಪಾಗುತ್ತದೆ. ಮರಿಗಳಿಗೆ ಗುರುತು ಸಿಗಲೆಂದು ಹಾಗೆ. ಹೆದರಬೇಡಿ ಎಂದರು.

ಜೋಡಿ ಕಪ್ಪಾಯಿತು. ಅವಳು ಹೆದರಲಿಲ್ಲ.

ಬಂದ ಭಾನುವಾರ ಅವಳು ಯಶವಂತಪುರದ ಒಂದು ಅಂಗಡಿಗೆ ಹೋಗಿ ಕೆಂಪು ಡಿಸ್ಕಸ್ ಒಂದನ್ನು ತಂದಳು. ಬಾಲರಾಜನ ತಾಯಿ, ಹುಣಸಮಾರನಹಳ್ಳಿಯ ದೊಡ್ಡಮುನಿಯಮ್ಮನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಿದವಳಲ್ಲ. ಪಾಯಸ ಬಂದ ಬಟ್ಟಲಲ್ಲಿ ಕಡೆಗೆ ಒಂದು ಹಿಡಿ ಸಕ್ಕರೆಯಾದರೂ ಹೋಗುತ್ತಿತ್ತು. ಮಹಡಿಯ ಮನೆಗೂ ಕೆಳಗಿನ ಮನೆಗೂ ನಡುವೆ ಡಬ್ಬಿಗಳು ಹೀಗೆಯೇ ಓಡಾಡುತ್ತಿದ್ದವು. ಪ್ರಯಾಣಕ್ಕೆಂದು ಅವಳು ತುಂಬಿಕೊಟ್ಟ ಚಕ್ಕುಲಿಯ ಸ್ಟೀಲ್ ಡಬ್ಬಿ ಮುಸರ್ರತ್ ಜೊತೆ ಮೆಕ್ಕಾಕ್ಕೇ ಹೋಗಿತ್ತು. ತೊಟ್ಟಿಯೂ ಒಂದು ಪಾತ್ರೆಯೇ. ಅದರಲ್ಲಿರುವ ಜೋಡಿಯೂ ಮರಿಯೂ ಅವರವು. ತನ್ನ ಕಡೆಯದು ಏನಾದರೂ ಇರಬೇಕೆಂದು ಅವಳು ಯೋಚಿಸಿದಳು. ಮೊದಲೇ ಹೇಳಿದರೆ ಬೇಡವೆನ್ನುತ್ತಾರೆಂದು ರಸೂಲ್‌ಗೆ ಹೇಳಲಿಲ್ಲ. ಆದ್ದರಿಂದ ತಡೆಯುವವರೂ ಇರಲಿಲ್ಲ. ಅಂಗಡಿಯವನು ಮನೆಯಲ್ಲಿ ಮರಿಗಳಿವೆಯೇ ಎಂದು ಕೇಳಲಿಲ್ಲ.

ಜೋಡಿ ಹೊಸ ಮೀನನ್ನು ಅಟ್ಟಿಸಿಕೊಂಡು ಹೋಗಿ ಕುಕ್ಕಿತು. ಅವಳು ತೂತುಗಳಿದ್ದ ಪ್ಲಾಸ್ಟಿಕ್ ತರಕಾರಿ ಬುಟ್ಟಿಯನ್ನು ತೊಟ್ಟಿಯ ಅಂಚಿಗೆ ಕಟ್ಟಿ ಕೆಂಪು ಮೀನನ್ನು ಅದರೊಳಗೆ ಬಿಟ್ಟಳು. ಜಗಳ ನಿಂತಿತು. ನೀರು ಒಂದೇ ಆಗಿತ್ತು.

ಜೋಡಿಯ ಮೈ ಇನ್ನೂ ಕಪ್ಪಾದಾಗಲೂ, ಲೋಳೆ ಹೆಚ್ಚಿದಾಗಲೂ ಮರಿಗೆ ಹಾಲು ಚೆನ್ನಾಗಿದೆ ಎಂದುಕೊಂಡಳು. ಗುರುವಾರ ಜೋಡಿ ಮೇವು ತಿನ್ನಲಿಲ್ಲ. ಶುಕ್ರವಾರ ಬೆಳಿಗ್ಗೆ ಹೆಣ್ಣಿನ ಮೈಯಿಂದ ಲೋಳೆ ಹರಿದ ಬಲೆಯಂತೆ ಎಳೆಎಳೆಯಾಗಿ ಬಿಡುತ್ತಿತ್ತು. ಮರಿಗಳು ಆ ಎಳೆಗಳನ್ನೇ ಕುಕ್ಕುತ್ತಿದ್ದವು. ಗಂಡು ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿತ್ತು.

ಬಾಲರಾಜ್ ಹಲ್ಲುಜ್ಜುತ್ತಾ ಬಂದು ನೋಡಿದ.

"ಮೀನು ತಾನೆ, ಬಿಡು ಕಣೇ. ವಾರಕ್ಕೆರಡು ಸಲ ಸಾರು ಮಾಡ್ಕೊಂಡು ತಿಂತೀವಿ." ಆಮೇಲೆ ದನಿ ತಗ್ಗಿಸಿದ. "ಆ ಕೆಂಪು ಮೀನು ತಂದಿದ್ದು ಹೇಳ್ತೀಯಾ?"

"ನೀವು ದಾರೀಲಿ ಏನೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ. ನೀನು ಹೇಳ್ತೀಯಾ ಅಂತ ಕೇಳ್ದೆ."

ಅವನು ಹೋದಮೇಲೆ ಅವಳು ಬುಟ್ಟಿಯನ್ನು ಬಿಚ್ಚಿ ಕೆಂಪು ಮೀನನ್ನು ಬಚ್ಚಲುಮನೆಯ ಬಕೆಟ್ಟಿಗೆ ಹಾಕಿದಳು. ಮೇಲೆ ತಟ್ಟೆ ಮುಚ್ಚಿದಳು. ಆ ಕೆಲಸ ಮಾಡುವಾಗ ಇದು ತೊಟ್ಟಿಯ ಮೀನುಗಳ ಒಳಿತಿಗೆ ಎಂದೇ ಅಂದುಕೊಂಡಿದ್ದಳು.

ಸಂಜೆಯ ಹೊತ್ತಿಗೆ ಇಬ್ಬರೂ ಬಂದರು. ಯಾತ್ರೆಯ ವಿಧಿಯಂತೆ ರಸೂಲ್ ತಲೆ ಬೋಳಿಸಿಕೊಂಡಿದ್ದರು. ಮುಸರ್ರತ್ ಮೊದಲು ಕೈಚೀಲದಿಂದ ಯಶೋಧಾಳ ಸ್ಟೀಲ್ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ಸರಿಯಾಗಿ ಕೂರದಷ್ಟು ಖರ್ಜೂರ ತುಂಬಿತ್ತು. ಮದೀನಾದ್ದು, ಒಳ್ಳೇದು, ಸಕ್ಕರೆ ಕಾಯಿಲೆ ಇರೋ ಬಾಲರಾಜಣ್ಣನಿಗೆ ಒಂದೇ ಕೊಡಿ ಎಂದರು. ಅಷ್ಟರಲ್ಲಿ ರಸೂಲ್ ಮಂಡಿ ಹಿಡಿದುಕೊಂಡು ತೊಟ್ಟಿಯ ಮುಂದೆ ಕೂತಿದ್ದರು.

ಅವರು ಬಹಳ ಹೊತ್ತು ನೋಡಿದರು. ಬೆರಳು ನೀರಿಗಿಟ್ಟು ಮೂಸಿದರು. ಥರ್ಮಾಮೀಟರ್ ನೋಡಿದರು. ಮೇವಿನ ಬಗ್ಗೆ, ಫಿಲ್ಟರಿನ ಬಗ್ಗೆ ಕೇಳಿದರು. ಎಲ್ಲ ಸರಿಯಾಗಿತ್ತು.

"ಟ್ಯಾಂಕರ್ ನೀರೇನಾದ್ರೂ ಬಂತಾ?"

ಯಶೋಧಾ ಮೇಜಿನ ಮೇಲಿನ ಡಬ್ಬಿಯನ್ನು ನೋಡುತ್ತಿದ್ದಳು.

"ಬುಧವಾರ ಕಾವೇರಿ ಬರ್ಲಿಲ್ಲ. ಸಂಪ್‌ಗೆ ಟ್ಯಾಂಕರ್ ನೀರು ಹಾಕಿಸಿದ್ವಿ. ಅದೇ ಸೇರ್ಕೊಂಡಿರ್ಬೇಕು."

ಬಾಗಿಲಲ್ಲಿ ನಿಂತಿದ್ದ ಬಾಲರಾಜ್ ಕಾರಿನ ಕೀಲಿ ತಿರುಗಿಸುತ್ತಾ ಹೊರಗೆ ಹೋದ.

ಟ್ಯಾಂಕರ್ ನೀರಾದರೆ ಅದರಲ್ಲಿ ಬ್ಲೀಚಿಂಗ್ ಪೌಡರ್ ಇದ್ದಿರಬಹುದು. ಬ್ಲೀಚಿಂಗ್ ಮೀನಿನ ಮೈ ಸುಡುತ್ತದೆ, ಲೋಳೆ ಕೀಳುತ್ತದೆ. ಕಾಣುವ ಲಕ್ಷಣ ಅದಕ್ಕೂ ಹೊಂದುತ್ತಿತ್ತು. ರಸೂಲ್ ತಮ್ಮ ಮನೆಯಿಂದ ಹೈಪೋ ಹರಳು ತಂದು ಕರಗಿಸಿ ಹಾಕಿದರು. ಅದು ಬ್ಲೀಚಿಂಗನ್ನು ಕೊಲ್ಲುವ ಮದ್ದು. ಡ್ರಮ್ಮಿನ ನೀರಿಗೂ ಅದನ್ನೇ ಬೆರೆಸಿ, ಯಶೋಧಾಳಿಂದ ಮೊಗೆಸಿ ತೊಟ್ಟಿಯ ಹಳೆಯ ನೀರನ್ನು ಬದಲಾಯಿಸಿದರು. ಹೆಣ್ಣನ್ನು ಬೇರೆ ಮಾಡಲಿಲ್ಲ. ಬೇರೆ ಮಾಡಿದರೆ ಮರಿಗಳಿಗೆ ಹಾಲಿಲ್ಲ. ಬ್ಲೀಚಿಂಗ್ ಆದರೆ ಬೆಳಗಾಗುವುದರೊಳಗೆ ಚೇತರಿಸಿಕೊಳ್ಳಬೇಕು ಎಂದರು. ಪ್ರಯಾಣದ ಬಟ್ಟೆಯನ್ನೂ ಬದಲಿಸಿರಲಿಲ್ಲ.

ಬೆಳಿಗ್ಗೆ ಹೆಣ್ಣು ಮೀನು ಸತ್ತಿತ್ತು. ಅರ್ಧದಷ್ಟು ಮರಿಗಳು ತಳದಲ್ಲಿ ಬಿದ್ದಿದ್ದವು, ಇನ್ನು ಕೆಲವು ಸತ್ತ ತಾಯಿಯ ಮೈಯನ್ನೇ ಸುತ್ತುತ್ತಿದ್ದವು. ಗಂಡಿನ ಕಣ್ಣಿನ ಮೇಲೆ ಮಂಜಿನಂಥ ಪೊರೆ ಬಂದಿತ್ತು. ರಸೂಲ್ ಹೆಣ್ಣನ್ನು ಅಂಗೈಮೇಲೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕಿವಿರು ತೆರೆದು ನೋಡಿದರು.

"ಇದು ಬ್ಲೀಚಿಂಗ್ ಅಲ್ಲ," ಅಂದರು. ತಮಗೇ ಹೇಳಿಕೊಂಡ ಹಾಗಿತ್ತು.

ಯಶೋಧಾ ಬಚ್ಚಲುಮನೆಗೆ ಹೋಗಿ ಬಕೆಟ್ ತಂದು ಅವರ ಮುಂದೆ ಇಟ್ಟಳು. ತಟ್ಟೆ ತೆಗೆದಳು.

ರಸೂಲ್ ಬಗ್ಗಿ ನೋಡಿದರು. ಕೆಂಪು ಮೀನು ಬಕೆಟ್ಟಿನ ನಡುವೆ ನೆಟ್ಟಗೆ ನಿಂತಿತ್ತು. ಮೈಮೇಲೆ ಗುರುತೇನೂ ಇರಲಿಲ್ಲ.

"ಯಾವಾಗ ಬಿಟ್ರಿ?"

"ಭಾನುವಾರ. ಬುಟ್ಟೀಲಿ ಇಟ್ಟಿದ್ದೆ. ನೆನ್ನೆ ಬೆಳಿಗ್ಗೆ ತೆಗ್ದೆ."

"ಟ್ಯಾಂಕರ್?"

"ಬಂದಿರ್ಲಿಲ್ಲ."

ಅವರು ಸತ್ತ ಮೀನನ್ನು ಹಳೆಯ ಪೇಪರಿನ ಮೇಲೆ ಮಲಗಿಸಿದರು. ಕೈ ತೊಳೆದುಕೊಂಡು ಬಂದರು.

"ಯಾಕೆ ತಂದ್ರಿ?"

"ಟ್ಯಾಂಕು ಹಂಗೇ ಖಾಲಿ ಹೆಂಗೆ ಕೊಡೋದು ಸಾಬ್ರೇ. ನಮ್ದೂ ಒಂದಿರ್ಲಿ ಅಂತ."

ಮುಸರ್ರತ್ ಆಗಲೇ ಮೆಟ್ಟಿಲಿಳಿದು ಬಂದು ನಿಂತಿದ್ದರು. ಮೇಜಿನ ಮೇಲೆ ಖರ್ಜೂರದ ಡಬ್ಬಿ ನಿನ್ನೆ ಇಟ್ಟಲ್ಲೇ ಇತ್ತು. ಅವರು ಅದನ್ನೂ ನೋಡಿದರು, ಬಕೆಟ್ಟನ್ನೂ ನೋಡಿದರು, ಮೇಲೆ ಹೋದರು.

ರಸೂಲ್ ಆಮೇಲೆ ವಿವರಿಸಿದರು. ಮೀನು ಸಾಕುವವರು ಇದನ್ನು ಪ್ಲೇಗ್ ಎನ್ನುತ್ತಾರೆ. ಯಾವ ರೋಗಾಣು ಎಂದು ಅವರಿಗೆ ತಿಳಿದಂತೆ ಯಾರೂ ಖಚಿತವಾಗಿ ಹೇಳಿಲ್ಲ. ಒಮ್ಮೆ ಬಂದು ಬದುಕಿದ ಮೀನು ನೋಡಲು ಆರೋಗ್ಯವಾಗಿರುತ್ತದೆ, ಜೊತೆಗಿರುವವಕ್ಕೆ ಹಚ್ಚುತ್ತದೆ. ಅದಕ್ಕೇ ಹೊಸ ಮೀನನ್ನು ವಾರಗಟ್ಟಲೆ ಬೇರೆ ತೊಟ್ಟಿಯಲ್ಲಿ ಇಡುವುದು.

"ನೆನ್ನೆನೇ ಹೇಳಿದ್ರೆ ಉಳೀತಿದ್ವಾ?" ಎಂದು ಯಶೋಧಾ ಕೇಳಿದಳು.

ಅವರು ಯೋಚಿಸಿ ಉತ್ತರ ಕೊಟ್ಟರು. "ಹೆಣ್ಣು ಉಳೀತಿರ್ಲಿಲ್ಲ. ಗಂಡು ಹೇಳಕ್ಕಾಗಲ್ಲ. ಒಂದು ರಾತ್ರಿ ಹೋಯ್ತು."

ಇಬ್ಬರೂ ಸೇರಿ ಆ ದಿನವೆಲ್ಲ ಕೆಲಸ ಮಾಡಿದರು. ಹೀಟರ್ ಏರಿಸಿದರು, ಉಪ್ಪು ಹಾಕಿದರು, ಔಷಧಿ ಅಳೆದು ಬೆರೆಸಿದರು. ಗಂಡಿನ ಮೈಯಲ್ಲಿ ಲೋಳೆ ನಿಂತುಹೋಗಿತ್ತು. ಮರಿಗಳು ಕುಕ್ಕಿದ ಕಡೆಯೆಲ್ಲ ಚರ್ಮ ಎದ್ದಿತ್ತು. ಅದು ತಪ್ಪಿಸಿಕೊಳ್ಳಲು ಗಾಜಿಗೆ ಮೈಯುಜ್ಜುತ್ತಿತ್ತು. ಕೊನೆಗೆ ರಸೂಲ್ ಮರಿಗಳನ್ನು ಬಿಳಿಯ ಬೇಸಿನ್ನಿಗೆ ಎತ್ತಿದರು. ಯಶೋಧಾ ಮೊಟ್ಟೆ ಬೇಯಿಸಿ ಹಳದಿಯನ್ನು ಬೆರಳಿನಿಂದ ಅರೆದು ಬೇಸಿನ್ನಿನ ಅಂಚಿಗೆ, ನೀರು ತಾಗುವಲ್ಲಿ, ತೆಳ್ಳಗೆ ಸವರಿದಳು. ಹಾಲಿಲ್ಲದ ಮರಿಗಳಿಗೆ ಹೀಗೆ ಹಾಕುವುದುಂಟು. ಕೆಲವು ಬಂದು ಮೂಸಿದವು. ಹೆಚ್ಚಿನವು ಬೇಸಿನ್ನಿನ ನಡುವೆ ಬಿದ್ದಿದ್ದ ಅವಳ ಕೈಯ ನೆರಳಿನ ಕೆಳಗೆ ಹೋಗಿ ಗುಂಪು ಕಟ್ಟಿದವು. ಅವಳು ಕೈ ಅತ್ತಿತ್ತ ಸರಿಸಿದರೆ ಅವೂ ಜೊತೆಗೆ ಸರಿಯುತ್ತಿದ್ದವು.

"ಕೈ ತೆಗೀರಿ ಯಶೋಧಮ್ಮ," ಎಂದರು ರಸೂಲ್. "ಸುಮ್ನೆ ಸುಸ್ತಾಗ್ತವೆ."

ಗಂಡು ಭಾನುವಾರ ಸತ್ತಿತು. ಕೊನೆಯ ಮರಿ ಸೋಮವಾರ. ರಸೂಲ್ ಎಲ್ಲವನ್ನೂ ಕಾಂಪೌಂಡಿನ ನುಗ್ಗೆಮರದ ಬುಡದಲ್ಲಿ ಹೂತರು. ತೊಟ್ಟಿಯನ್ನು ಔಷಧಿ ನೀರಿನಲ್ಲಿ ತೊಳೆದು, ಬಾಲರಾಜನಿಂದ ಹೊರಿಸಿ ತಾರಸಿಯ ಬಿಸಿಲಿಗೆ ಬೋರಲು ಹಾಕಿಸಿದರು. ಯಶೋಧಾ ಎರಡು ಸಲ ಮೇಲೆ ಹೋದಳು. ಮೊದಲ ಸಲ ಮುಸರ್ರತ್ ಚಹಾ ಕೊಟ್ಟರು. ಮಾತು ಸಿಲಿಂಡರ್ ಬುಕ್ಕಿಂಗ್, ಬೀದಿದೀಪ ಇವುಗಳಾಚೆ ಹೋಗಲಿಲ್ಲ. ಎರಡನೆಯ ಸಲ, ರಸೂಲ್ ನಮಾಜಿಗೆ ಕೂತಿದ್ದಾರೆ ಎಂದು ಬಾಗಿಲಲ್ಲೇ ಹೇಳಿದರು. ಅದು ನಮಾಜಿನ ಹೊತ್ತೇ ಆಗಿತ್ತು.

ಕೆಂಪು ಮೀನನ್ನು ರಸೂಲ್ ಒಯ್ದು ಮೇಲೆ ಒಂದು ಟಬ್ಬಿನಲ್ಲಿ ಇಟ್ಟಿದ್ದರು. ಅದು ಮೇವು ತಿನ್ನುತ್ತಿತ್ತು. ವಾರದ ನಂತರ ಅದನ್ನು ತಮ್ಮ ನೀಲಿ ಬಕೆಟ್ಟಿನಲ್ಲಿ ಹಾಕಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದರು.

"ಇದು ನಿಮ್ದು," ಎಂದರು. "ಇದಕ್ಕೇನೂ ಆಗಿಲ್ಲ. ಬೇರೆ ಮೀನಿನ ಜೊತೆ ಮಾತ್ರ ಬಿಡ್ಬೇಡಿ."

ಕೂರಲು ಹೇಳಿದಳು. ಮಂಡಿ ನೋವು ಎಂದು ಕೂರಲಿಲ್ಲ.

ಮೀನನ್ನು ಅವಳು ಡ್ರಮ್ಮಿಗೆ ಬಿಟ್ಟಳು. ಬಕೆಟ್ಟನ್ನು ತೊಳೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸಕ್ಕರೆ ಡಬ್ಬಿಯನ್ನು ತೆಗೆದಳು. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿಯನ್ನು ತಿರುಗಿ ಅದರ ಜಾಗದಲ್ಲಿಟ್ಟಳು. ಮರುದಿನ ಕೆಲಸಕ್ಕೆ ಹೊರಡುವ ಮೊದಲು ಬಕೆಟ್ಟನ್ನು ಮಹಡಿಯ ಬಾಗಿಲಲ್ಲಿ ಮುಸರ್ರತ್ ಕೈಗೆ ಕೊಟ್ಟಳು. ಅದು ಖಾಲಿ ಇತ್ತು. ಮುಸರ್ರತ್ ಅದನ್ನು ತೆಗೆದುಕೊಂಡು ಒಳಗೆ ಇಟ್ಟರು.